ಅದಿರಲಿ ಅಕ್ಕ, ಜರ್ಮನಿಯವನದ್ದು ಹೇಳು

ನನ್ನ ಮುತ್ತಜ್ಜ ಜರ್ಮನಿಯವನು ಎಂದು ಬಾಯಿಬಿಟ್ಟು ಹೇಳಿದ ದಿನ, ಐರ್ಲೆಂಡಿನ ಗಾಲ್ವೇಯ ಲೈಬ್ರರಿಯಲ್ಲಿ ಉದ್ದ ಮೇಜಿನ ಸುತ್ತ ಕೂತಿದ್ದವರು ಸರಿದು ನನಗೆ ಜಾಗ ಮಾಡಿಕೊಟ್ಟರು. ಅದಕ್ಕೆ ಮೊದಲು ಒಂದು ಇಡೀ ಚಳಿಗಾಲ ನಾನು ಅದೇ ಲೈಬ್ರರಿಯಲ್ಲಿ ಹೀಟರಿನ ಪಕ್ಕದ ಬೆಂಚಿನಲ್ಲಿ ಕೂತು ಎದ್ದು ಬಂದವನು. ಯಾರೂ ನನ್ನನ್ನು ಕೆಟ್ಟದಾಗಿ ನೋಡಿದ್ದಿಲ್ಲ. ನೋಡಿದ್ದೇ ಇಲ್ಲ ಎನ್ನುವುದು ಹೆಚ್ಚು ಸರಿ. ಹೆಂಡತಿ ತೀರಿಕೊಂಡ ಮೇಲೆ ಮಗಳು ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅವಳು ಹೃದಯಕ್ಕೆ ಹಾಕುವ ಸಣ್ಣ ಕೊಳವೆಗಳನ್ನು ತಯಾರಿಸುವ ಕಂಪನಿಯಲ್ಲಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅವಳೂ ಅಳಿಯನೂ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ನಾನು ಬಸ್ಸು ಹತ್ತಿ ಪೇಟೆಗೆ ಬರುತ್ತಿದ್ದೆ.

ಬುಧವಾರ ಬೆಳಿಗ್ಗೆ ಆ ಉದ್ದ ಮೇಜಿಗೆ ರಿಟೈರಾದವರು ಸೇರುತ್ತಿದ್ದರು. ತಮ್ಮ ಅಜ್ಜ ಮುತ್ತಜ್ಜಂದಿರನ್ನು ಹುಡುಕುವುದು ಅವರ ಕೆಲಸ. ಈ ದೇಶದಲ್ಲಿ ಇದೊಂದು ಹುಚ್ಚು. ಹಿಂದೆ ಹಡಗು ಹತ್ತಿ ಹೋದವರ ಮರಿಮಕ್ಕಳು ಅಮೆರಿಕದಿಂದ ಬಂದು ಸಮಾಧಿಕಲ್ಲು ತಿಕ್ಕಿ ಓದುತ್ತಾರೆ, ಇಲ್ಲೇ ಉಳಿದವರು ಹೋದವರನ್ನು ಹುಡುಕುತ್ತಾರೆ. ಒಂದು ದಿನ ಆ ಗುಂಪಿಗೆ ನೆರವಾಗುತ್ತಿದ್ದ ಹಳೆಯ ಟೀಚರಮ್ಮ ನನ್ನ ಬೆಂಚಿನ ಕಡೆ ತಿರುಗಿ, ಬರೀ ಮರ್ಯಾದೆಗೆ, "ನಿಮ್ಮ ಹಿರಿಯರು ಎಲ್ಲಿಯವರು?" ಎಂದು ಕೇಳಿದರು. ಇಂಡಿಯಾ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಾಗೆ ಹೇಳಲಿಲ್ಲ. "ನನ್ನ ಅಮ್ಮನ ಅಜ್ಜ ಜರ್ಮನಿಯವನು" ಎಂದೆ. ಎಲ್ಲರೂ ತಲೆಯೆತ್ತಿದರು.

ನಾನು ಹೇಳಿದ್ದು ಸುಳ್ಳಲ್ಲ. ಮಂಗಳೂರಿನಲ್ಲಿ ಜರ್ಮನರು ಹಂಚಿನ ಕಾರ್ಖಾನೆ ನಡೆಸುತ್ತಿದ್ದ ಕಾಲದಲ್ಲಿ ಅವನು ಯಂತ್ರದ ಮೇಸ್ತ್ರಿಯಾಗಿ ಬಂದವನು. ಅಲ್ಲಿ ಮಣ್ಣು ಹೊರುತ್ತಿದ್ದ ಒಬ್ಬಳಲ್ಲಿ ಅವನಿಗೊಂದು ಹೆಣ್ಣು ಮಗು ಹುಟ್ಟಿತು. ಆ ಮಗುವೇ ನನ್ನ ಅಜ್ಜಿ. ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಅವನನ್ನು ಹಿಡಿದು ಕ್ಯಾಂಪಿಗೆ ಹಾಕಿ, ಆಮೇಲೆ ಹಡಗು ಹತ್ತಿಸಿ ಊರಿಗೆ ಕಳಿಸಿದರು. ಅವನು ಮತ್ತೆ ಬರಲಿಲ್ಲ. ನಮ್ಮಲ್ಲಿ ಉಳಿದದ್ದು ಅವನ ಕಣ್ಣು ಮಾತ್ರ. ಅಜ್ಜಿಗೆ, ಅಮ್ಮನಿಗೆ, ನನಗೆ, ಅಕ್ಕನಿಗೆ, ಎಲ್ಲರಿಗೂ ಬೆಕ್ಕಿನ ಕಣ್ಣು. ಖಾಸಗಿ ಬಸ್ಸುಗಳ ಏಜೆಂಟನಾಗಿ ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದಾಗ ಡ್ರೈವರುಗಳು ನನ್ನನ್ನು "ಏ ಜರ್ಮನಿ" ಎಂದೇ ಕರೆಯುತ್ತಿದ್ದರು. ಆಗ ಅದು ಗೇಲಿ. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಇಷ್ಟು ವಯಸ್ಸಾದ ಮೇಲೆ, ಪರದೇಶದ ಆ ಮೇಜಿನ ಮುಂದೆ, ಅದೇ ಉಬ್ಬು ಮತ್ತೆ ಬಂತು. ನನ್ನನ್ನು ಕಣ್ಣೆತ್ತಿಯೂ ನೋಡದಿದ್ದವರ ಮುಂದೆ ಒಬ್ಬ ಬಿಳಿಯನನ್ನು ಎತ್ತಿ ತೋರಿಸಿದೆ. ನನ್ನ ಮೊದಲ ತಪ್ಪು ಅದು. ದೊಡ್ಡ ತಪ್ಪು ಅದಲ್ಲ.

ಟೀಚರಮ್ಮ ಹುಡುಕಲು ಶುರು ಮಾಡಿದರು. ಕಂಪ್ಯೂಟರಿನಲ್ಲಿ ಹಡಗಿನ ಪ್ರಯಾಣಿಕರ ಪಟ್ಟಿ ಸಿಕ್ಕಿತು, ಕ್ಯಾಂಪಿನ ಕೈದಿಗಳ ಪಟ್ಟಿ ಸಿಕ್ಕಿತು, ಕೊನೆಗೆ ಅವನ ಹಳ್ಳಿಯ ಚರ್ಚಿನ ದಾಖಲೆಯೂ ಸಿಕ್ಕಿತು. ಅವನ ಅಪ್ಪ ಕಮ್ಮಾರ. ಅವನು ಹುಟ್ಟಿದಾಗ ಜ್ಞಾನಸ್ನಾನಕ್ಕೆ ಸಾಕ್ಷಿಗಳಾಗಿ ನಿಂತ ಇಬ್ಬರ ಹೆಸರು, ಅವರ ಕಸುಬು, ಎಲ್ಲ ಇತ್ತು. ನಾನು ಪ್ರತಿ ಬುಧವಾರ ರಾತ್ರಿ ಊಟಕ್ಕೆ ಕೂತಾಗ ಹೊಸ ಸುದ್ದಿ ಹೇಳುತ್ತಿದ್ದೆ.

"ಹಂಗಾದ್ರೆ ಮಾವ, ನಮಗೆಲ್ಲ ಜರ್ಮನ್ ಪಾಸ್‌ಪೋರ್ಟ್ ಸಿಗುತ್ತಾ?" ಎಂದು ಮೈಸೂರಿನ ಅಳಿಯ ತಮಾಷೆ ಮಾಡುತ್ತಿದ್ದ. "ಇಲ್ಲಿ ಪರ್ಮಿಟ್ ರಿನ್ಯೂ ಮಾಡಿಸಿ ಮಾಡಿಸಿ ಸಾಕಾಗಿದೆ."

"ನೀವು ಸುಮ್ಮನಿರಿ. ಅಪ್ಪ ಎಷ್ಟು ಖುಷಿಯಾಗಿದ್ದಾರೆ ನೋಡಿ" ಎಂದು ಮಗಳು ಅವನನ್ನು ಗದರುತ್ತಿದ್ದಳು.

ಮೊಮ್ಮಗಳು ಇಲ್ಲಿಯ ಮಕ್ಕಳ ರಾಗದಲ್ಲಿ, "ದಟ್ಸ್ ಗ್ರ್ಯಾಂಡ್, ಅಜ್ಜ" ಎಂದು ಹೇಳಿ ತಟ್ಟೆಯ ಕಡೆಗೇ ನೋಡುತ್ತಿದ್ದಳು.

ದಾಖಲೆ ಇಷ್ಟಾದರೆ ಸಾಲದು, ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರ ನೆನಪನ್ನೂ ಹಿಡಿದಿಡಬೇಕು, ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ ಎಂದರು ಟೀಚರಮ್ಮ. ಹಾಗೆ ಇರುವವಳು ಅಕ್ಕ ಒಬ್ಬಳೇ. ನನಗಿಂತ ತುಂಬಾ ದೊಡ್ಡವಳು, ಅಜ್ಜಿಯ ಪಕ್ಕದಲ್ಲೇ ಮಲಗಿ ಬೆಳೆದವಳು. ನಾನು ಹುಡುಗನಾಗಿದ್ದಾಗಲೇ ಅಜ್ಜಿ ಹೋದಳು. ಅಕ್ಕ ಈಗ ಮಂಗಳೂರಿನಲ್ಲಿ ಮಗ ಸೊಸೆಯ ಜೊತೆ ಫ್ಲ್ಯಾಟಿನಲ್ಲಿದ್ದಾಳೆ. ನಾನು ಮೊದಲ ಸಲ ಫೋನ್ ಮಾಡಿದಾಗಲೇ ಅವಳ ಸೊಸೆ ಹೇಳಿದ್ದಳು:

"ಮಾವ, ಅತ್ತೆಗೆ ಮರೆವು ಜೋರಾಗ್ತಾ ಉಂಟು. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಸ್ವಲ್ಪ ಹೊತ್ತು ಸರಿ ಇರ್ತಾರೆ. ಕೇಳುದೆಲ್ಲ ಈಗಲೇ ಕೇಳಿಬಿಡಿ. ಆಮೇಲೆ ಕೇಳಿದ್ರೆ ಸಿಗ್ಲಿಕ್ಕಿಲ್ಲ."

ಇದನ್ನು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮದು ಅಳಿಯಸಂತಾನ. ಮನೆತನ ಹೆಣ್ಣಿನಿಂದ ಹೆಣ್ಣಿಗೆ ಇಳಿದು ಬರುತ್ತದೆ. ಅಮ್ಮನ ಮನೆ ಯಾವುದೋ ಅದು ನಮ್ಮ ಮನೆ. ಅಪ್ಪ ಬಂದು ಹೋಗುವ ನೆಂಟನ ಹಾಗೆ. ಆ ಲೆಕ್ಕದಲ್ಲಿ ಜರ್ಮನಿಯವನು ನಮಗೆ ಏನೂ ಅಲ್ಲ. ನಾವು ಹುಟ್ಟಿದ್ದು ಆ ಮಣ್ಣು ಹೊರುವವಳ ಮನೆತನದಲ್ಲಿ, ಅವಳಿಂದ ಅಜ್ಜಿ, ಅಜ್ಜಿಯಿಂದ ಅಮ್ಮ, ಅಮ್ಮನಿಂದ ನಾವು. ಅಕ್ಕನಿಗೆ ಹೆಣ್ಣು ಮಕ್ಕಳಿಲ್ಲ. ನನ್ನ ಮಗಳು ಅವಳ ತಾಯಿಯ ಮನೆತನದವಳು. ಹಾಗಾಗಿ ಆ ಮಣ್ಣು ಹೊರುವವಳ ಬಳ್ಳಿ ನಮ್ಮಿಬ್ಬರಲ್ಲಿ ಮುಗಿಯುತ್ತದೆ. ಅವಳನ್ನು ಬಲ್ಲವಳು ಅಕ್ಕ. ಅಕ್ಕನ ನಂತರ ಬಲ್ಲವನಾಗಬೇಕಿದ್ದವನು ನಾನು.

ಬಿಳಿಯನ ಮಗು ಹೆತ್ತಳೆಂದು ಅವಳನ್ನು ಸೋದರಮಾವಂದಿರು ಕುಟುಂಬದ ಮನೆಯಿಂದ ಹೊರಗೆ ಹಾಕಿದ್ದರು. ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಮಳೆಯಲ್ಲಿ, ನಮ್ಮಲ್ಲಿ ಸತ್ತವರಿಗೆ ಬಡಿಸುತ್ತಾರೆ, ಬಾಳೆಲೆ ಹಾಕಿ ಅವರನ್ನು ಊಟಕ್ಕೆ ಕರೆಯುತ್ತಾರೆ. ಕುಟುಂಬದ ಮನೆಯಲ್ಲಿ ಅವಳಿಗೆ ಎಲೆ ಇಲ್ಲ. ಅದಕ್ಕೇ ಮೊದಲು ಅಜ್ಜಿ, ಅಜ್ಜಿಯ ನಂತರ ಅಮ್ಮ, ಆಮೇಲೆ ಅಕ್ಕ ತಮ್ಮ ಅಡಿಗೆಮನೆಯಲ್ಲೇ ಅವಳಿಗೊಂದು ಎಲೆ ಹಾಕಿ, ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದರು. ಅದು ಹೆಂಗಸರ ಕೆಲಸ ಎಂದು ನಾನು ಹೊರಗೆ ಕೂತಿರುತ್ತಿದ್ದೆ, ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದೆ. ಮನೆಯಲ್ಲಿ ಮಾತು ಬಂದಾಗೆಲ್ಲ ಅವಳು "ಹಿರಿಯಜ್ಜಿ" ಮಾತ್ರ.

ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಮಾತುಕತೆ ಹೀಗಿರುತ್ತಿತ್ತು.

"ಅಕ್ಕ, ಅವನು ನೋಡಲಿಕ್ಕೆ ಹೇಗಿದ್ದ ಅಂತ ಅಜ್ಜಿ ಹೇಳಿದ್ದಳಾ?"

"ಅಜ್ಜಿ ಎಲ್ಲಿ ನೋಡಿದ್ದು ಮಾರಾಯ, ಅವಳು ಸಣ್ಣ ಮಗು. ಹಿರಿಯಜ್ಜಿ ಹೇಳಿದ್ದನ್ನು ಅಜ್ಜಿ ಹೇಳಿದ್ದು. ದೊಡ್ಡ ಬೂಟು ಹಾಕ್ತಿದ್ದನಂತೆ, ಪೈಪು ಸೇದ್ತಿದ್ದನಂತೆ. ಹಿರಿಯಜ್ಜಿ ಮಣ್ಣು ಹೊತ್ತುಕೊಂಡು ಹೋಗುವಾಗ—"

"ಪೈಪು ಯಾವ ತರದ್ದು? ಮರದ್ದಾ?"

"ನನಗೆಂತ ಗೊತ್ತು? ನಾನು ಸೇದಿದ್ದಾ?"

ಇನ್ನೊಂದು ದಿನ:

"ಅವನ ಊರಿನ ಹೆಸರು ಏನಾದರೂ ಕಿವಿಗೆ ಬಿದ್ದದ್ದುಂಟಾ?"

"ಇಲ್ಲ. ಹಿರಿಯಜ್ಜಿಯನ್ನು ಮನೆಯಿಂದ ಹೊರಗೆ ಹಾಕಿದ ದಿನ ಉಂಟಲ್ಲ, ಅವಳು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದಳಂತೆ—"

"ಅದಿರಲಿ ಅಕ್ಕ, ಜರ್ಮನಿಯವನದ್ದು ಹೇಳು."

"ಎಂತ ಯಾವಾಗಲೂ ಅವನದ್ದೇ ಕೇಳುದು? ಅವನೆಂತ ನಿನ್ನನ್ನು ಹೆತ್ತದ್ದಾ?"

ನಾನು ನಕ್ಕೆ. ಅಕ್ಕನೂ ನಕ್ಕಳು. ನಾನು ಅವಳಿಗೇ ಪಾಠ ಹೇಳಲು ಶುರು ಮಾಡಿದೆ: ಅವನ ಹಳ್ಳಿ ಇಂಥದ್ದು, ಅವನ ಅಪ್ಪ ಕಮ್ಮಾರ, ಹಡಗು ಹತ್ತಿದ್ದು ಇಂಥ ಬಂದರಿನಲ್ಲಿ. "ನೆನಪಿಟ್ಟುಕೋ ಅಕ್ಕ" ಎನ್ನುತ್ತಿದ್ದೆ. ಮರೆವಿನ ಹೆಂಗಸಿನ ತಲೆಯಲ್ಲಿ ಉಳಿದಿದ್ದ ಇಷ್ಟೇ ಇಷ್ಟು ಜಾಗಕ್ಕೆ ಅವನನ್ನು ತುರುಕಿದೆ. ಒಂದೊಂದು ದಿನ ಅವಳಿಗೆ ಸಿಟ್ಟು ಬಂದು ಸೊಸೆಯ ಕೈಗೆ ಫೋನ್ ಕೊಟ್ಟುಬಿಡುತ್ತಿದ್ದಳು. ನಾನು ಮರುದಿನ ಮತ್ತೆ ಮಾಡುತ್ತಿದ್ದೆ.

ಮಗಳು ನನ್ನ ಎಂಜಲು ಕಳಿಸಿ ರಕ್ತಸಂಬಂಧ ನೋಡುವ ಪರೀಕ್ಷೆ ಮಾಡಿಸಿದಳು. ಸ್ವಲ್ಪ ದಿನಕ್ಕೆ ಫಲ ಬಂತು: ಜರ್ಮನಿಯಲ್ಲಿ ಕೆಲವರು, ಐರ್ಲೆಂಡಿನಲ್ಲೇ ಒಬ್ಬರು. ಆ ಒಬ್ಬರು ಜರ್ಮನಿಯವನ ಮೊಮ್ಮಗಳು. ಅವನು ಊರಿಗೆ ಹೋಗಿ ಮದುವೆಯಾಗಿ ಮಕ್ಕಳನ್ನು ಮಾಡಿಕೊಂಡ. ಅವನ ಒಬ್ಬ ಮಗ ಹೆಂಡತಿ ಮಕ್ಕಳ ಜೊತೆ ಇಲ್ಲಿಗೆ ಬಂದು ಅತ್ಲೋನ್ ಹತ್ತಿರ ಸರೋವರದ ದಡದಲ್ಲಿ ಜಮೀನು ಮಾಡಿದ. ಈಕೆ ಆ ಮಗನ ಮಗಳು, ಇಲ್ಲಿಯವನನ್ನೇ ಮದುವೆಯಾಗಿ ಇಲ್ಲಿಯವರೇ ಆಗಿಹೋದವರು. ನನ್ನ ವಯಸ್ಸಿನವರು. ಪತ್ರ ಬರೆದಾಗ, ಬನ್ನಿ ಎಂದರು.

ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮಗಳ ಜೊತೆ ರೈಲು ಹತ್ತಿದೆ. ಆಕೆ ಸ್ಟೇಷನ್ನಿಗೆ ಕಾರು ತಂದಿದ್ದರು. ಕಾರಿನಿಂದ ಇಳಿದು ನನ್ನ ಮುಖ ನೋಡಿ, ಮಾತಾಡುವ ಮೊದಲೇ ಬಾಯಿಗೆ ಕೈ ಇಟ್ಟುಕೊಂಡರು. ಅವರದ್ದೂ ಅದೇ ಕಣ್ಣು.

ಮನೆಯಲ್ಲಿ ಚಹಾ, ಸೋಡಾ ಬ್ರೆಡ್ಡು, ಬೆಣ್ಣೆ ಇಟ್ಟರು. ಗೋಡೆಯಿಂದ ಚೌಕಟ್ಟು ಇಳಿಸಿ ಅವನ ಪಟ ತೋರಿಸಿದರು. ಸೇಬಿನ ಮರದ ಕೆಳಗೆ ಕೂತ ಮುದುಕ, ತೊಡೆಯ ಮೇಲೆ ಒಂದು ಮಗು. "ಆ ಮಗು ನಾನೇ" ಎಂದರು. ಅಜ್ಜ ಒಳ್ಳೆಯವರು, ಮೃದು ಮನಸ್ಸಿನವರು, ಭಾನುವಾರ ಚರ್ಚಿಗೆ ತಪ್ಪಿಸಿದವರಲ್ಲ ಎಂದರು. ಇಂಡಿಯಾದ ಬಗ್ಗೆ ಏನು ಹೇಳುತ್ತಿದ್ದರು ಎಂದು ನಾನು ಕೇಳಿದೆ. ಆಕೆ ಯೋಚಿಸಿದರು. "ತುಂಬಾ ಸೆಕೆ ಅನ್ನುತ್ತಿದ್ದರು. ಅಲ್ಲಿಯ ಮಣ್ಣು ಹಂಚಿಗೆ ಒಳ್ಳೆಯದು ಅನ್ನುತ್ತಿದ್ದರು. ಬೇರೆ ಏನೂ ಹೇಳಿದ ನೆನಪಿಲ್ಲ."

ಸೆಕೆ ಮತ್ತು ಮಣ್ಣು. ಒಬ್ಬಳು ಹೆಂಗಸು, ಒಂದು ಮಗು, ಆ ಮಗುವಿನಿಂದ ನಾವೆಲ್ಲ. ಅವನು ನೆನಪಿಟ್ಟುಕೊಂಡದ್ದು ಸೆಕೆ ಮತ್ತು ಮಣ್ಣು. ಆ ಒಳ್ಳೆಯ ಮುದುಕನ ಪಟವನ್ನು ಮೇಜಿನ ಮೇಲಿಟ್ಟು ಆಚೆ ಸರಿಸಿದೆ. ಎಂಥ ಮನುಷ್ಯ, ಅವಳ ಹೆಸರನ್ನು ಒಂದು ಸಲವೂ ಬಾಯಲ್ಲಿ ತರಲಿಲ್ಲವಲ್ಲ ಎಂದುಕೊಂಡೆ. ಅಷ್ಟರಲ್ಲಿ ಆಕೆ ನನ್ನ ಕೈ ಮುಟ್ಟಿ ಕೇಳಿದರು:

"ಆಕೆಯ ಹೆಸರೇನು?"

ಮಗಳೂ ನನ್ನ ಕಡೆ ತಿರುಗಿದಳು.

ಬಸ್ ಏಜೆಂಟನ ಬಾಯಿಂದ ಗೊತ್ತಿಲ್ಲ ಎಂಬ ಮಾತು ಹೊರಡಬಾರದು. ಬಸ್ಸು ಎಲ್ಲಿದೆ ಎಂದು ಜನ ಕೇಳಿದರೆ, ಎಲ್ಲಿದೆಯೋ ಗೊತ್ತಿಲ್ಲದಿದ್ದರೂ, "ಸೇತುವೆ ದಾಟಿತು, ಈಗ ಬಂತು" ಎನ್ನಬೇಕು. ಇಲ್ಲದಿದ್ದರೆ ಜನ ಬೇರೆ ಬಸ್ಸು ಹತ್ತುತ್ತಾರೆ. ನಾನು ಬದುಕಿದ್ದೇ ಹಾಗೆ. ಆ ಮೇಜಿನ ಮುಂದೆಯೂ ತಡವರಿಸದೆ ಒಂದು ಹೆಸರು ಹೇಳಿದೆ. ನಮ್ಮೂರಿನಲ್ಲಿ ಬೀದಿಗೆ ನಾಲ್ಕು ಹೆಂಗಸರಿಗೆ ಇರುವಂಥ ಹೆಸರು.

ಆಕೆ ಅದನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿ, ತಾವೂ ಹೇಳಿ ಹೇಳಿ ನಾಲಿಗೆ ತಿದ್ದಿಕೊಂಡರು. ಕಣ್ಣೊರೆಸಿಕೊಂಡರು. ಇಲ್ಲಿ ನವೆಂಬರ್ ತಿಂಗಳು ಸತ್ತವರ ತಿಂಗಳು. ಮನೆಯಲ್ಲಿ ತೀರಿಕೊಂಡವರ ಹೆಸರುಗಳನ್ನು ಬರೆದು ಲಕೋಟೆಯಲ್ಲಿ ಚರ್ಚಿಗೆ ಕೊಡುತ್ತಾರೆ, ತಿಂಗಳಿಡೀ ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. "ನಮ್ಮ ಅಜ್ಜನ ಹೆಸರಿನ ಪಕ್ಕದಲ್ಲೇ ಈ ವರ್ಷ ಆಕೆಯದ್ದನ್ನೂ ಬರೆಯುತ್ತೇನೆ" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಇನ್ನೊಂದು ತುಂಡು ಬ್ರೆಡ್ಡು ತಿಂದೆ.

ರೈಲಿನಲ್ಲಿ ಮಗಳು, "ಅಪ್ಪ, ಆ ಹೆಸರು ನೀವು ನನಗೆ ಯಾವತ್ತೂ ಹೇಳಿರಲೇ ಇಲ್ಲ" ಎಂದಳು.

"ನೀನು ಕೇಳಿರಲಿಲ್ಲ" ಎಂದೆ. ಅವಳ ಮುಖ ಸಪ್ಪಗಾಯಿತು. ನನ್ನ ತಪ್ಪನ್ನು ಅಷ್ಟು ಸುಲಭವಾಗಿ ಅವಳ ತಲೆಗೆ ದಾಟಿಸಿದೆ.

ಮರುದಿನ ಬೆಳಿಗ್ಗೆಯೇ ಮಂಗಳೂರಿಗೆ ಫೋನ್ ಮಾಡಿದೆ. ನಿಜವಾದ ಹೆಸರು ಕೇಳಿ ತಿಳಿದುಕೊಂಡು, ಬಾಯಿತಪ್ಪಿ ಬೇರೆ ಹೇಳಿದೆ ಎಂದು ಅತ್ಲೋನಿಗೆ ಬರೆದರಾಯಿತು ಎನ್ನುವುದು ನನ್ನ ಯೋಜನೆ. ಸೊಸೆ ಫೋನ್ ತೆಗೆದವಳೇ, "ಮಾವ, ಅತ್ತೆ ಆಸ್ಪತ್ರೆಯಲ್ಲಿದ್ದಾರೆ. ಜ್ವರ ತಲೆಗೇರಿ ಯಾರ ಗುರುತೂ ಇಲ್ಲ" ಎಂದಳು.

ಆಗ ರೆಕಾರ್ಡಿಂಗುಗಳನ್ನು ಕೇಳಲು ಕೂತೆ. ಎಲ್ಲಾದರೂ ಒಮ್ಮೆ ಹೆಸರು ಬಂದಿರಬೇಕು ಎಂಬ ಆಸೆ. ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಅಕ್ಕ ಶುರು ಮಾಡುತ್ತಾಳೆ, ನನ್ನ ದನಿ ಅಡ್ಡ ಬರುತ್ತದೆ. ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಬೆಳೆದ ದನಿ, ಅವಳ ಸಣ್ಣ ದನಿಯನ್ನು ನುಂಗಿಬಿಡುತ್ತದೆ. ಹೆರಿಗೆಗೆ ಯಾರೂ ಬರಲಿಲ್ಲವಂತೆ, ಆಗ ಹಿರಿಯಜ್ಜಿ... ಅದಿರಲಿ ಅಕ್ಕ. ಅವನು ಹೋದ ಮೇಲೆ ಹಿರಿಯಜ್ಜಿ ಒಬ್ಬಳೇ ಬಂದರಿಗೆ ಹೋಗಿ... ಅದು ಆಮೇಲೆ ಹೇಳು. ಒಂದು ಕಡೆ ಅಕ್ಕ, "ಅವಳ ಹೆಸರು ಕೂಡ ಎಷ್ಟು ಚಂದ ಗೊತ್ತುಂಟಾ" ಎನ್ನುತ್ತಾಳೆ. ನಾನು, "ಆಯ್ತು ಆಯ್ತು, ಅವನ ಬೂಟಿನ ವಿಷಯ ಇನ್ನೊಮ್ಮೆ ಹೇಳು" ಎನ್ನುತ್ತೇನೆ. ಆ ಭಾಗವನ್ನು ನಾನು ಎಷ್ಟು ಸಲ ಕೇಳಿದೆನೋ. ನನ್ನ ದನಿಯ ಕೆಳಗೆ ಅವಳು ಏನೋ ಅಂದ ಹಾಗಿದೆ. ಕಿವಿಗೆ ಒತ್ತಿ ಹಿಡಿದರೂ ಕೇಳುವುದು ನಾನೇ.

ಬಾಗಿಲಲ್ಲಿ ನಿಂತು ಅವಳು ಹೇಳಿದ ಮಾತು ಏನು, ಒಬ್ಬಳೇ ಬಂದರಿಗೆ ಹೋಗಿ ಏನು ಮಾಡಿದಳು, ಯಾವುದೂ ಇನ್ನು ಗೊತ್ತಾಗುವ ಹಾಗಿಲ್ಲ. ಜರ್ಮನಿಯವನ ಜ್ಞಾನಸ್ನಾನಕ್ಕೆ ನಿಂತ ರೊಟ್ಟಿ ಸುಡುವವನ ಹೆಸರು ಮಾತ್ರ ನನಗೆ ಬಾಯಿಪಾಠ ಬರುತ್ತದೆ.

ಆಟಿ ಬಂತು. ಅಕ್ಕ ಮನೆಗೆ ಬಂದಿದ್ದಳು, ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಸೊಸೆ ಫೋನ್ ಮಾಡಿದಳು.

"ಮಾವ, ಅತ್ತೆ ಒಂದು ಎಲೆ ಬೇರೆ ಹಾಕ್ತಿದ್ರಲ್ಲ, ಹೆಸರು ಬಾಯಿಯೊಳಗೇ ಹೇಳ್ತಿದ್ರು, ನನಗೆ ಕೇಳ್ತಿರ್ಲಿಲ್ಲ. ಎಂತ ಹೇಳಿ ಕರೀಬೇಕು?"

ಅತ್ಲೋನಿನಲ್ಲಿ ಹೇಳಿದ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಸತ್ಯ ಹೇಳುತ್ತೇನೆ, ಬಂದಿತ್ತು.

"ಗೊತ್ತಿಲ್ಲ ಮಗಾ" ಎಂದೆ.

"ನಿಮಗೂ ಗೊತ್ತಿಲ್ವಾ? ಇಷ್ಟೆಲ್ಲ ಹುಡುಕಿದ್ರಲ್ಲ?" ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ. "ಮತ್ತೆ ಹೆಸರು ಹಿಡಿದು ಕರೆಯದೆ ಹೇಗೆ ಬರ್ತಾರೆ ಮಾವ? ಈ ಸಲ ಬೇಡ ಅಲ್ವಾ ಹಾಗಾದ್ರೆ?"

ನಾನು ಹಾಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳು ಸ್ವಲ್ಪ ಕಾದು ಫೋನ್ ಇಟ್ಟಳು. ಆ ವರ್ಷ ಹಿರಿಯಜ್ಜಿಗೆ ಎಲೆ ಬೀಳಲಿಲ್ಲ.

ನವೆಂಬರ್ ಶುರುವಾದ ಮೇಲೆ ಒಂದು ಬೆಳಿಗ್ಗೆ ಅತ್ಲೋನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೆಸರು ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ, ಕ್ಷಮಿಸಿ ಎಂದೆ. ಆಕೆ, "ಪರವಾಗಿಲ್ಲ, ಯೂ ಆರ್ ಗ್ರ್ಯಾಂಡ್" ಎಂದರು. ಇಲ್ಲಿಯವರು ಕಾಲು ಮುರಿದುಕೊಂಡರೂ ಹೇಳುವ ಮಾತು ಅದು. "ಹೆಸರು ಬರೆದು ಕೊಟ್ಟಾಯಿತು" ಎಂದರು ಆಮೇಲೆ. "ದಿನಾ ಹೋಗಿ ಪ್ರಾರ್ಥನೆ ಮಾಡುತ್ತಿದ್ದೇನೆ. ಹಾಗಾದರೆ ಇಷ್ಟು ದಿನ ನಾನು ಯಾರಿಗಾಗಿ ಮಾಡಿದೆ?" ನಾನು ಮತ್ತೊಮ್ಮೆ ಕ್ಷಮೆ ಕೇಳಿದೆ. "ನಿಮ್ಮ ಅಕ್ಕ ಇನ್ನೂ ಇದ್ದಾರಲ್ಲ, ಅವರನ್ನು ಕೇಳಿ" ಎಂದು ಹೇಳಿ ಇಟ್ಟರು. ಆಮೇಲೆ ಅವರಿಂದ ಪತ್ರವಿಲ್ಲ, ಫೋನಿಲ್ಲ.

ಕೇಳಿದೆ. ಒಂದು ಬೆಳಿಗ್ಗೆ ಸೊಸೆ, "ಇವತ್ತು ಸ್ವಲ್ಪ ಮಾತಾಡ್ತಾ ಇದ್ದಾರೆ" ಎಂದು ಫೋನನ್ನು ಅಕ್ಕನ ಕಿವಿಗೆ ಹಿಡಿದಳು.

"ಯಾರದು?"

"ನಾನು ಅಕ್ಕ, ನಿನ್ನ ತಮ್ಮ."

"ತಮ್ಮ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾನೆ. ನೀವು ಯಾರು?"

ವಾದಿಸಲಿಲ್ಲ. ಬೇರೆಯವನಾಗಿಯೇ ಕೇಳಿದೆ: "ಅಮ್ಮ, ನಿಮ್ಮ ಹಿರಿಯಜ್ಜಿಯ ಹೆಸರೆಂತ?"

ಹಿಂದೆ ಎಲ್ಲೋ ಮಿಕ್ಸಿ ತಿರುಗಿ ನಿಂತಿತು.

"ಅದೆಲ್ಲ ಬೇಡವಂತೆ" ಎಂದಳು, ಗುಟ್ಟು ಹೇಳುವ ಹಾಗೆ. "ಅವಳ ಸುದ್ದಿ ತೆಗೆದ್ರೆ ತಮ್ಮನಿಗೆ ಕೋಪ ಬರ್ತದೆ. ಅವನಿಗೆ ಜರ್ಮನಿಯವನದ್ದು ಮಾತ್ರ ಸಾಕು. ನಿಮಗೆ ಬೇಕಾದ್ರೆ ಅದು ಹೇಳ್ತೇನೆ."

ಹೇಳಿದಳು. ದೊಡ್ಡ ಬೂಟು, ಪೈಪು. ಹಳ್ಳಿಯ ಹೆಸರು, ನಾನು ಹೇಳಿಕೊಟ್ಟ ಹಾಗೆಯೇ. ಅಪ್ಪ ಕಮ್ಮಾರ. ಹಡಗು ಹತ್ತಿದ ಬಂದರು. ಒಂದೂ ತಪ್ಪಿಲ್ಲದೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ. ನಾನು ನಡುವೆ ಒಂದು ಮಾತೂ ಆಡಲಿಲ್ಲ. ಮುಗಿಸಿ ದಣಿದಳು.

"ಎಲ್ಲ ಸರಿಯಾಗಿ ಹೇಳಿದೆನಾ?" ಎಂದು ಕೇಳಿದಳು.

"ಸರಿಯಾಗಿ ಹೇಳಿದಿರಿ" ಎಂದೆ.